ವೆಬ್ ಮೇಲೆ ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್: ಕೋಲಾರದ ಕೆರೆ ಲೆಕ್ಕದವರನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯ ಕೆರೆಗಳಲ್ಲಿ ನೀರು ಎಷ್ಟಿದೆ ಅಂತ ನಾವು ಒಂದಿಷ್ಟು ಜನ ಸೇರಿ ಲೆಕ್ಕ ಇಡುತ್ತೇವೆ. ಊರಿನವರು ಕೆರೆ ಏರಿ ಮೇಲೆ ನಿಂತು ಮೊಬೈಲ್‌ನಲ್ಲಿ ಫೋಟೋ ತೆಗೆಯುತ್ತಾರೆ. ಅಳತೆಗೋಲಿನ ಅಂಕಿ ಬರೆದು ಕಳಿಸುತ್ತಾರೆ. ಆ ಫೋಟೋಗಳನ್ನು ಒಂದು ಕಾಲೇಜಿನ ಲ್ಯಾಬ್‌ನಲ್ಲಿರುವ ಹಳೆಯ ಕಂಪ್ಯೂಟರುಗಳು ರಾತ್ರಿ ಹೊತ್ತು ಹಂಚಿಕೊಂಡು ನೋಡುತ್ತವೆ. ನೀರು ಎಲ್ಲಿಯವರೆಗೆ ನಿಂತಿದೆ, ಜೊಂಡು ಎಷ್ಟು ಬೆಳೆದಿದೆ ಅಂತ ಲೆಕ್ಕ ಹಾಕುತ್ತವೆ. ಇಡೀ ಕೆಲಸ ನಿಂತಿರುವುದು ವೆಬ್ ತಂತ್ರಜ್ಞಾನದ ಮೇಲೆ.

ತುಮಕೂರು, ಚಿಕ್ಕಬಳ್ಳಾಪುರ ಕಡೆಯ ವಿದ್ಯಾರ್ಥಿಗಳು, ಮೇಷ್ಟ್ರುಗಳು, ರೈತ ಗುಂಪಿನವರು ಇಂಥದ್ದನ್ನೇ ಮಾಡಬೇಕು ಅಂತ ಕೇಳುತ್ತಿರುತ್ತಾರೆ. ಪ್ರಶ್ನೆಗಳು ಹೆಚ್ಚು ಕಮ್ಮಿ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್ ಅಂದ್ರೆ ಏನು? ಸರಳವಾಗಿ ಹೇಳಿ.

ಒಂದು ಕೆಲಸವನ್ನು ಹಲವು ಕಂಪ್ಯೂಟರುಗಳು ಹಂಚಿಕೊಂಡು ಮಾಡುವುದು. ಅವು ಬೇರೆ ಬೇರೆ ಜಾಗದಲ್ಲಿರುತ್ತವೆ. ಒಂದಕ್ಕೊಂದು ಸಂದೇಶ ಕಳಿಸಿಕೊಂಡು ಮಾತ್ರ ಮಾತಾಡುತ್ತವೆ. ಒಂದು ಕೆಟ್ಟರೂ ಉಳಿದವು ನಡೆಯುತ್ತಿರಬೇಕು.

ನಮ್ಮ ಕಡೆಯವರಿಗೆ ಇದನ್ನು ಹೇಳೋದು ಸುಲಭ. ಕೋಲಾರದ ಕೆರೆಗಳು ಸರಪಳಿಯ ಹಾಗೆ ಇವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಹೋಗುತ್ತದೆ. ಎಲ್ಲ ಕೆರೆಗೂ ಸೇರಿ ಒಬ್ಬ ಯಜಮಾನ ಇಲ್ಲ. ಪ್ರತಿ ಕೆರೆಯ ನೀರುಗಂಟಿ ತನ್ನ ತೂಬು ನೋಡಿಕೊಳ್ಳುತ್ತಿದ್ದ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗಲೂ ಅಲ್ಲಿಂದ ಮುಂದಕ್ಕೆ ಹೀಗೇ ಕೆರೆಯಿಂದ ಕೆರೆಗೆ ಹೋಯಿತು. ಈ ಚಿತ್ರ ತಲೆಯಲ್ಲಿರಲಿ, ಮುಂದೆ ಬೇಕಾಗುತ್ತದೆ.

ವೆಬ್ ಅಂದ್ರೆ ವೆಬ್‌ಸೈಟ್ ಅಲ್ವಾ? ಅದಕ್ಕೂ ಇದಕ್ಕೂ ಏನು ಸಂಬಂಧ?

ವೆಬ್‌ಸೈಟ್ ಕಣ್ಣಿಗೆ ಕಾಣುವ ಭಾಗ. ಅದರ ಕೆಳಗೆ ಮೂರು ಸಂಗತಿಗಳಿವೆ. ಪ್ರತಿ ವಸ್ತುವಿಗೂ ಒಂದು ವಿಳಾಸ, ಅಂದರೆ ಯುಆರ್‌ಎಲ್. ಆ ವಿಳಾಸದಲ್ಲಿರುವುದನ್ನು ಕೇಳುವ, ಇಡುವ, ಅಳಿಸುವ ಮಾತಿನ ಕ್ರಮ, ಅಂದರೆ ಎಚ್‌ಟಿಟಿಪಿ. ಇಬ್ಬರಿಗೂ ಅರ್ಥವಾಗುವ ಬರವಣಿಗೆ, ಅಂದರೆ ಎಚ್‌ಟಿಎಂಎಲ್, ಜೇಸನ್ ಇತ್ಯಾದಿ. ಓದುವವರು ಮನುಷ್ಯರೇ ಆಗಬೇಕಿಲ್ಲ. ಎರಡು ಯಂತ್ರಗಳು ಇದೇ ಮೂರನ್ನು ಇಟ್ಟುಕೊಂಡು ಇಡೀ ರಾತ್ರಿ ಮಾತಾಡಬಹುದು. ನಮ್ಮ ಲ್ಯಾಬ್‌ನಲ್ಲಿ ಆಗುವುದು ಅದೇ.

ಬೇರೆ ದಾರಿಗಳೂ ಇದ್ದವಲ್ಲ, ವೆಬ್ಬೇ ಯಾಕೆ?

ಇದ್ದವು, ಈಗಲೂ ಇವೆ. 1991ರಲ್ಲಿ ಕೋರ್ಬಾ ಅಂತ ಒಂದು ಬಂತು. ದೂರದ ಕಂಪ್ಯೂಟರಿನ ಕೆಲಸವನ್ನು ನಮ್ಮ ಕಂಪ್ಯೂಟರಿನಲ್ಲೇ ಇದ್ದ ಹಾಗೆ ಕರೆಯಬಹುದು ಅನ್ನುವುದು ಅದರ ಆಸೆ. ಆದರೆ ಎರಡೂ ಕಡೆ ಅದಕ್ಕೆ ಬೇಕಾದ ಸಾಫ್ಟ್‌ವೇರ್ ಕೂರಿಸಬೇಕಿತ್ತು. ಒಂದು ಕಡೆ ಬದಲಾದರೆ ಇನ್ನೊಂದು ಕಡೆಯೂ ಬದಲಾಗಬೇಕಿತ್ತು. ಹೊರಗಿನ ಸಂಪರ್ಕ ತಡೆಯುವ ಕಾವಲು, ಅಂದರೆ ಫೈರ್‌ವಾಲ್, ದಾಟಿಸುವುದೇ ಒಂದು ಕಷ್ಟ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ದೂರದ್ದನ್ನು ಹತ್ತಿರದ್ದು ಅಂತ ತೋರಿಸಿದರೆ ಪ್ರೋಗ್ರಾಂ ಬರೆಯುವವರು ನೆಟ್‌ವರ್ಕ್ ಕಡಿಯುತ್ತದೆ ಅನ್ನುವುದನ್ನೇ ಮರೆತುಬಿಡುತ್ತಾರೆ.

ವೆಬ್ ಹಾಗೆ ಮುಚ್ಚಿಡುವುದಿಲ್ಲ. ಕೇಳಿದೆ, ಉತ್ತರ ಬಂತು. ಅಥವಾ ಬರಲಿಲ್ಲ. ಇದು ಎಚ್‌ಟಿಟಿಪಿಯಲ್ಲಿ ಕಣ್ಣೆದುರೇ ಇರುತ್ತದೆ.

ಟಿಮ್ ಬರ್ನರ್ಸ್-ಲೀ 1989ರಲ್ಲಿ ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್ ಸಂಸ್ಥೆಯಲ್ಲಿ ವೆಬ್‌ನ ಪ್ರಸ್ತಾವ ಬರೆದರು. ಅಲ್ಲಿ ಬೇರೆ ಬೇರೆ ದೇಶದ ವಿಜ್ಞಾನಿಗಳು ಬೇರೆ ಬೇರೆ ಥರದ ಕಂಪ್ಯೂಟರ್ ಇಟ್ಟುಕೊಂಡಿದ್ದರು. ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಸಿಗಬೇಕಿತ್ತು. ಅಂದರೆ ವೆಬ್ ಹುಟ್ಟಿದ್ದೇ ಒಂದಕ್ಕೊಂದು ಹೋಲದ ಯಂತ್ರಗಳ ನಡುವೆ. 1993ರ ಏಪ್ರಿಲ್ 30ರಂದು ಸರ್ನ್ ಇದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ಮುಳಬಾಗಿಲಿನಲ್ಲಿ ಕೂತು ಯಾರ ಅನುಮತಿಯೂ ಇಲ್ಲದೆ ನಾವು ಇದನ್ನು ಬಳಸುತ್ತಿದ್ದೇವೆ ಅಂದರೆ ಅದಕ್ಕೆ ಆ ದಿನದ ತೀರ್ಮಾನವೇ ಕಾರಣ. ನನಗೆ ಅದನ್ನು ನೆನೆಸಿಕೊಂಡಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ದಿನದ ಕೆಲಸದಲ್ಲಿ ಇದರ ಲಾಭ ಹೀಗಿದೆ. ಎಚ್‌ಟಿಟಿಪಿಎಸ್ ಅಂದರೆ ದಾರಿಯಲ್ಲಿ ಯಾರೂ ಓದದಂತೆ ಸಾಗುವ ಎಚ್‌ಟಿಟಿಪಿ. ಅದು ಬಳಸುವ 443ನೇ ಬಾಗಿಲು (ಪೋರ್ಟ್) ಹೆಚ್ಚುಕಡಿಮೆ ಎಲ್ಲ ಕಾಲೇಜು, ಎಲ್ಲ ಆಫೀಸಿನ ಫೈರ್‌ವಾಲ್‌ನಲ್ಲೂ ತೆರೆದಿರುತ್ತದೆ. ಪ್ರತಿ ಮೊಬೈಲ್‌ನಲ್ಲೂ ಬ್ರೌಸರ್ ಇದೆ. ಪೈಥಾನ್, ಜಾವಾ, ಗೋ, ಪಿಎಚ್‌ಪಿ, ಯಾವ ಭಾಷೆಯಲ್ಲಿ ಬರೆದರೂ ಎಚ್‌ಟಿಟಿಪಿ ಮಾತಾಡಬಹುದು. ತೊಂದರೆ ಬಂದರೆ ಬ್ರೌಸರಿನಲ್ಲೇ ವಿಳಾಸ ಹಾಕಿ ಏನು ಬರುತ್ತಿದೆ ಅಂತ ಕಣ್ಣಾರೆ ನೋಡಬಹುದು. ಈ ಕೊನೆಯದ್ದು ಸಣ್ಣ ವಿಷಯ ಅನ್ನಿಸಬಹುದು. ರಾತ್ರಿ ಹನ್ನೊಂದಕ್ಕೆ ಏನೋ ಕೆಟ್ಟಾಗ ಅದೇ ದೊಡ್ಡದು.

ಇಷ್ಟು ದೊಡ್ಡ ಕೆಲಸಕ್ಕೆ ವೆಬ್ ತಡೆಯುತ್ತಾ? ಯಾರಾದರೂ ಮಾಡಿ ತೋರಿಸಿದ್ದಾರಾ?

ಮಾಡಿದ್ದಾರೆ, ಅದೂ 25 ವರ್ಷಗಳ ಹಿಂದೆಯೇ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು 1999ರ ಮೇ 17ರಂದು ಅನ್ಯಲೋಕದ ಜೀವಿಗಳ ಸುಳಿವು ಹುಡುಕುವ ಸೆಟಿ ಅಟ್ ಹೋಮ್ ಶುರು ಮಾಡಿದರು. ಅರೆಸಿಬೋ ರೇಡಿಯೊ ಟೆಲಿಸ್ಕೋಪ್ ಹಿಡಿದ ರೇಡಿಯೊ ಸಂಕೇತಗಳನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಜನರ ಮನೆಯ ಕಂಪ್ಯೂಟರಿಗೆ ಕಳಿಸುತ್ತಿದ್ದರು. ಒಂದು ತುಂಡು ಸುಮಾರು 340 ಕಿಲೋಬೈಟ್. ಆಗಿನ ಡಯಲ್-ಅಪ್ ಕಾಲಕ್ಕೂ ಅದು ಹೊರೆಯಲ್ಲ. ಮನೆಯ ಕಂಪ್ಯೂಟರ್ ಗಂಟೆಗಟ್ಟಲೆ ಲೆಕ್ಕ ಮಾಡಿ ಉತ್ತರ ವಾಪಸ್ಸು ಕಳಿಸುತ್ತಿತ್ತು. ಫೈರ್‌ವಾಲ್ ಹಿಂದಿರುವ ಕಂಪ್ಯೂಟರುಗಳಿಗೂ ತೊಂದರೆಯಾಗದಿರಲಿ ಅಂತ ಅವರು ಆರಿಸಿಕೊಂಡಿದ್ದು ಎಚ್‌ಟಿಟಿಪಿಯನ್ನೇ. 50 ಲಕ್ಷಕ್ಕೂ ಜಾಸ್ತಿ ಜನ ಸೇರಿದರು. 2020ರ ಮಾರ್ಚ್ 31ರಂದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿದರು.

ಅದೇ ಅನುಭವದಿಂದ ಇಂಥ ಕೆಲಸಗಳನ್ನು ಹಂಚಿ ನಡೆಸುವ ಬೋಯಿಂಕ್ ಅನ್ನುವ ವೇದಿಕೆ 2002ರಲ್ಲಿ ಬಂತು. ಅದೂ ಎಚ್‌ಟಿಟಿಪಿ ಮೇಲೆಯೇ ನಡೆಯುತ್ತದೆ. 2000ದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುವಾದ, ಪ್ರೋಟೀನುಗಳು ಮಡಚಿಕೊಳ್ಳುವ ರೀತಿಯನ್ನು ಲೆಕ್ಕ ಹಾಕುವ ಫೋಲ್ಡಿಂಗ್ ಅಟ್ ಹೋಮ್ 2020ರ ಕೊರೊನಾ ಸಮಯದಲ್ಲಿ ಒಂದು ಎಕ್ಸಾಫ್ಲಾಪ್ ದಾಟಿತು. ಅಂದರೆ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆ ಇಟ್ಟಷ್ಟು ಲೆಕ್ಕ. ಮನೆಯಲ್ಲಿ ಕೂತ ಜನರ ಕಂಪ್ಯೂಟರುಗಳು ಸೇರಿ ಮಾಡಿದ ಕೆಲಸ ಅದು.

ಕೆಲಸ ಹಂಚುವುದು ಹೇಗೆ? ಸರ್ವರ್ ಎಲ್ಲರಿಗೂ ಕಳಿಸುತ್ತಾ?

ಇಲ್ಲ. ಸರ್ವರ್ ಅಂದರೆ ಕೆಲಸ ಹಂಚಿ ಉತ್ತರ ಕೂಡಿಸಿಡುವ ಕಂಪ್ಯೂಟರ್. ಅದರ ಹತ್ತಿರ ಕೆಲಸಗಾರ ಕಂಪ್ಯೂಟರ್ ತಾನೇ ಬಂದು ಕೇಳಬೇಕು. ಲ್ಯಾಬ್‌ನ ಕಂಪ್ಯೂಟರುಗಳು ರೂಟರ್ ಹಿಂದೆ ಇರುತ್ತವೆ, ಹೊರಗಿನಿಂದ ಅವನ್ನು ತಟ್ಟಿ ಕರೆಯಲು ಆಗುವುದಿಲ್ಲ. ಅವು ಹೊರಗೆ ಹೋಗಿ ಕೇಳಬಹುದು. ಅದಕ್ಕೇ ನಮ್ಮಲ್ಲಿ ಒಂದು ವಿಳಾಸ ಇದೆ. ಅಲ್ಲಿಗೆ ಬಂದು "ಕೆಲಸ ಕೊಡು" ಅಂದರೆ ಒಂದು ಫೋಟೋದ ವಿಳಾಸ, ಒಂದು ಗಡುವು ಸಿಗುತ್ತದೆ. ನಮ್ಮ ಗಡುವು ಅರ್ಧ ಗಂಟೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಅದೇ ಫೋಟೋವನ್ನು ಮುಂದೆ ಕೇಳಿದವರಿಗೆ ಕೊಡುತ್ತೇವೆ. ಯಾಕೆ ಬರಲಿಲ್ಲ ಅಂತ ವಿಚಾರಿಸುವುದಿಲ್ಲ. ಕರೆಂಟ್ ಹೋಗಿರಬಹುದು, ಯಾರೋ ಸ್ವಿಚ್ ಆರಿಸಿರಬಹುದು.

ನೀರುಗಂಟಿಯೂ ಹೀಗೇ ಅಲ್ವಾ? ಸರದಿಯ ಪ್ರಕಾರ ಒಂದೊಂದು ಗದ್ದೆಗೆ ನೀರು ಬಿಡುತ್ತಿದ್ದ. ನಿಮ್ಮ ಸರದಿಗೆ ಮಡವೆ ತೆಗೆದಿರದಿದ್ದರೆ ನೀರು ಪಕ್ಕದ ಗದ್ದೆಗೆ.

ಇನ್ನೊಂದು ಮುಖ್ಯ ವಿಷಯ. ಸರ್ವರ್ ಯಾರ ಜೊತೆ ಏನು ಮಾತಾಡಿದ್ದೆ ಅಂತ ನೆನಪಿಟ್ಟುಕೊಳ್ಳಬಾರದು. ಪ್ರತಿ ಕೋರಿಕೆಯಲ್ಲೂ ಬೇಕಾದ್ದೆಲ್ಲ ಇರಬೇಕು. ರಾಯ್ ಫೀಲ್ಡಿಂಗ್ 2000ದಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನೂ ಸೇರಿಸಿ ಕೆಲವು ಕಟ್ಟುಪಾಡುಗಳಿಗೆ ರೆಸ್ಟ್ ಅಂತ ಹೆಸರಿಟ್ಟರು. ಹೀಗಿದ್ದರೆ ಒಂದು ಸರ್ವರ್ ಬಿದ್ದಾಗ ಪಕ್ಕದ್ದು ಅದೇ ಕೋರಿಕೆಯನ್ನು ಹಾಗೇ ಎತ್ತಿಕೊಳ್ಳಬಹುದು.

ನಮ್ಮ ಕಡೆ ನೆಟ್‌ವರ್ಕ್ ಬರುತ್ತೆ, ಹೋಗುತ್ತೆ. ಆಗ ಏನು ಗತಿ?

ಇದೇ ಅತಿ ಹೆಚ್ಚು ಬರುವ ಪ್ರಶ್ನೆ. ಸನ್ ಕಂಪನಿಯಲ್ಲಿದ್ದ ಪೀಟರ್ ಡಾಯ್ಚ್ 1994ರ ಸುಮಾರಿಗೆ, ಇಂಥ ಕೆಲಸ ಮಾಡುವವರು ಸುಮ್ನೆ ನಂಬಿಬಿಡುವ ಸುಳ್ಳುಗಳ ಪಟ್ಟಿ ಮಾಡಿದರು. ಅದರಲ್ಲಿ ಮೊದಲನೆಯದೇ ನೆಟ್‌ವರ್ಕ್ ಯಾವಾಗಲೂ ಇರುತ್ತದೆ ಅನ್ನುವುದು. ಶ್ರೀನಿವಾಸಪುರದ ಮಾವಿನ ತೋಪುಗಳ ಒಳಗೆ ನಿಂತು ಫೋಟೋ ಕಳಿಸಲು ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಪುಟವನ್ನು ಒಮ್ಮೆ ತೆರೆದರೆ ಸರ್ವಿಸ್ ವರ್ಕರ್, ಅಂದರೆ ಬ್ರೌಸರ್ ಹಿನ್ನೆಲೆಯಲ್ಲಿ ಓಡಿಸುವ ಪುಟ್ಟ ಪ್ರೋಗ್ರಾಂ, ಅದನ್ನು ಮೊಬೈಲ್‌ನಲ್ಲೇ ಇಟ್ಟುಕೊಳ್ಳುತ್ತದೆ. ಸಿಗ್ನಲ್ ಇಲ್ಲದಿದ್ದರೂ ಪುಟ ತೆರೆಯುತ್ತದೆ. ಅಂಕಿ, ಫೋಟೋ ಎರಡೂ ಇಂಡೆಕ್ಸ್‌ಡ್‌ಡಿಬಿ ಅನ್ನುವ ಬ್ರೌಸರಿನ ಒಳಗಿನ ಡಬ್ಬಿಗೆ ಬೀಳುತ್ತವೆ. ಸಿಗ್ನಲ್ ಬಂದಾಗ ಡಬ್ಬಿಯಲ್ಲಿರುವುದು ಒಂದೊಂದಾಗಿ ಹೋಗುತ್ತದೆ. ಸರ್ವರ್ "ತಲುಪಿತು" ಅನ್ನುವವರೆಗೆ ಡಬ್ಬಿಯಿಂದ ಅಳಿಸುವುದಿಲ್ಲ. ಈ ನಿಯಮ ಮುರಿಯಬೇಡಿ. ಕಳಿಸಿದ ತಕ್ಷಣ ಅಳಿಸಿದರೆ ಒಂದು ದಿನ ಡೇಟಾ ಹೋಗೇ ಹೋಗುತ್ತದೆ.

ಪುಟದಲ್ಲಿ "ಕಳಿಸಲಾಗಿದೆ" ಅಂತ ಸುಳ್ಳು ತೋರಿಸಬೇಡಿ. ನಾವು "ಮೊಬೈಲ್‌ನಲ್ಲಿದೆ", "ತಲುಪಿದೆ" ಅಂತ ಎರಡು ಬಣ್ಣದಲ್ಲಿ ತೋರಿಸುತ್ತೇವೆ. ಬಿಸಿಲಲ್ಲಿ ಒಂದು ಕಿಲೋಮೀಟರ್ ನಡೆದು ಬಂದವರಿಗೆ ತಮ್ಮ ಕೆಲಸ ತಲುಪಿತೋ ಇಲ್ಲವೋ ತಿಳಿಯಬೇಕು.

ಲಿಂಕ್ ಕಡಿದಿದ್ದಾಗ ಹಳೆಯ ಉತ್ತರ ಕೊಡಬೇಕೋ, ಉತ್ತರವನ್ನೇ ಕೊಡಬಾರದೋ? ಎರಡರಲ್ಲಿ ಒಂದನ್ನು ಆರಿಸಲೇಬೇಕು. ಎರಿಕ್ ಬ್ರೂವರ್ 2000ದಲ್ಲಿ ಇದನ್ನು ಮುಂದಿಟ್ಟರು, 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಗಣಿತದಿಂದ ಸಾಧಿಸಿದರು. ಕ್ಯಾಪ್ ಪ್ರಮೇಯ ಅನ್ನುವುದು ಇದಕ್ಕೇ. ಕೆರೆಯ ವಿಷಯದಲ್ಲಿ ನಾವು ಹಳೆಯ ಅಂಕಿಯನ್ನೇ ತಾರೀಖಿನ ಜೊತೆ ತೋರಿಸುತ್ತೇವೆ. ದುಡ್ಡಿನ ಲೆಕ್ಕ ಆಗಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಒಂದೇ ಸಂದೇಶ ಎರಡು ಸಲ ಬಂದರೆ?

ಬಂದೇ ಬರುತ್ತದೆ. ನಮಗೆ ಮೊದಲ ಮಳೆಗಾಲದಲ್ಲೇ ಗೊತ್ತಾಯಿತು. ಮುಳಬಾಗಿಲು ಕಡೆಯ ಒಬ್ಬರು ಮಳೆ 18 ಮಿಲಿಮೀಟರ್ ಅಂತ ಬರೆದು ಕಳಿಸಿದರು. ಪರದೆ ಸುತ್ತುತ್ತಲೇ ಇತ್ತು. ಇನ್ನೊಮ್ಮೆ ಒತ್ತಿದರು. ಮತ್ತೂ ಒಮ್ಮೆ ಒತ್ತಿದರು. ಮೂರೂ ತಲುಪಿದ್ದವು, ವಾಪಸ್ಸು ಬರಬೇಕಾದ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿತ್ತು. ನಮ್ಮ ಪಟ್ಟಿಯಲ್ಲಿ ಆ ದಿನ ಆ ಊರಿಗೆ 54 ಮಿಲಿಮೀಟರ್ ಮಳೆ. ಪಕ್ಕದ ಊರಿನವರು ಫೋನ್ ಮಾಡಿ "ಅಣ್ಣಾ, ಅಷ್ಟು ಮಳೆ ಬಂದಿದ್ರೆ ನಮ್ಮ ಕೆರೆಗೂ ನೀರು ಬರ್ತಿತ್ತಲ್ಲ" ಅಂದಾಗಲೇ ನಾವು ನೋಡಿದ್ದು.

ತಪ್ಪು ಅವರದ್ದಲ್ಲ, ನಾವು ಬರೆದ ಕೋಡಿನದ್ದು. ಉತ್ತರ ಬರದಿದ್ದಾಗ ಕೋರಿಕೆ ತಲುಪಲಿಲ್ಲವೋ, ಉತ್ತರ ತಲುಪಲಿಲ್ಲವೋ ಅಂತ ಕಳಿಸಿದವರಿಗೆ ತಿಳಿಯುವ ದಾರಿಯೇ ಇಲ್ಲ. ಮತ್ತೆ ಕಳಿಸುವುದೇ ಸರಿ. ಮತ್ತೆ ಬಂದದ್ದನ್ನು ಗುರುತು ಹಿಡಿಯುವುದು ಸರ್ವರ್‌ನ ಕೆಲಸ.

ಎಚ್‌ಟಿಟಿಪಿಯಲ್ಲಿ ಇದಕ್ಕೆ ಜಾಗ ಮೊದಲೇ ಇದೆ. ಗೆಟ್ (ಕೇಳು), ಪುಟ್ (ಈ ವಿಳಾಸದಲ್ಲಿ ಇಡು), ಡಿಲೀಟ್ (ಅಳಿಸು) ಇವುಗಳನ್ನು ಎಷ್ಟು ಸಲ ಮಾಡಿದರೂ ಒಮ್ಮೆ ಮಾಡಿದಷ್ಟೇ ಪರಿಣಾಮ ಇರಬೇಕು ಅಂತ ನಿಯಮ. ಹೊಸದಾಗಿ ಸೇರಿಸು ಅಂತ ಕಳಿಸುವ ಪೋಸ್ಟ್‌ಗೆ ಆ ಭರವಸೆ ಇಲ್ಲ. ನಾವು ಪೋಸ್ಟ್ ಬಳಸಿದ್ದೆವು. ಈಗ ಫಾರಂ ತೆರೆದ ಕೂಡಲೇ ಮೊಬೈಲೇ ಒಂದು ಗುರುತಿನ ಸಂಖ್ಯೆ ಹುಟ್ಟಿಸುತ್ತದೆ. ಅದನ್ನೇ ವಿಳಾಸದಲ್ಲಿ ಸೇರಿಸಿ ಪುಟ್ ಮಾಡುತ್ತದೆ. ಹತ್ತು ಸಲ ಒತ್ತಿದರೂ ಅದೇ ಜಾಗಕ್ಕೆ ಅದೇ 18 ಬೀಳುತ್ತದೆ. ಇದೊಂದನ್ನು ಮೊದಲ ದಿನವೇ ಮಾಡಿ. ಆಮೇಲೆ ಸರಿಪಡಿಸುವುದು ಬಹಳ ಕಷ್ಟ, ನಾವು ಎರಡು ತಿಂಗಳ ಪಟ್ಟಿಯನ್ನು ಕೈಯಲ್ಲಿ ತಿದ್ದಿದ್ದೇವೆ.

ಇಬ್ಬರು ಒಂದೇ ದಾಖಲೆಯನ್ನು ಒಟ್ಟಿಗೆ ತಿದ್ದಿದರೆ?

ಪ್ರತಿ ದಾಖಲೆಯ ಜೊತೆ ಸರ್ವರ್ ಒಂದು ಇ-ಟ್ಯಾಗ್ ಕಳಿಸುತ್ತದೆ. ಅದು ಆವೃತ್ತಿಯ ಗುರುತು. ನೀವು ತಿದ್ದಿ ವಾಪಸ್ಸು ಕಳಿಸುವಾಗ "ನಾನು ನೋಡಿದ್ದು ಈ ಆವೃತ್ತಿ" ಅಂತ ಕೋರಿಕೆಯ ಇಫ್-ಮ್ಯಾಚ್ ಅನ್ನುವ ತಲೆಬರಹದಲ್ಲಿ ಹೇಳುತ್ತೀರಿ. ಅಷ್ಟರಲ್ಲಿ ಇನ್ನೊಬ್ಬರು ತಿದ್ದಿದ್ದರೆ ಸರ್ವರ್ 412 ಅನ್ನುತ್ತದೆ, ಅಂದರೆ ನೀವು ನೋಡಿದ ಆವೃತ್ತಿ ಹಳೆಯದಾಯಿತು ಅಂತ. ಆಗ ಹೊಸದನ್ನು ತಂದು, ನೋಡಿ, ಮತ್ತೆ ತಿದ್ದಬೇಕು. ನಮಗೆ ಇಷ್ಟು ಸಾಕಾಗಿದೆ. ತುಂಬ ಹೊತ್ತು ನೆಟ್ ಇಲ್ಲದೆ ಹಲವರು ಒಂದೇ ಬರಹವನ್ನು ತಿದ್ದುವ ಕೆಲಸವಿದ್ದರೆ ಎಲ್ಲರ ತಿದ್ದುಪಡಿಗಳನ್ನೂ ತಾನಾಗೇ ಒಂದುಗೂಡಿಸುವ ಸಿಆರ್‌ಡಿಟಿ ಅನ್ನುವ ವಿಧಾನ ನೋಡಿ. ಅದಕ್ಕೆ ಬೇಕಾದ ವೈಜೆಎಸ್, ಆಟೋಮರ್ಜ್ ಅನ್ನುವ ಸಾಫ್ಟ್‌ವೇರ್ ಎರಡೂ ಉಚಿತವಾಗಿ ಸಿಗುತ್ತವೆ.

ಎಲ್ಲರೂ ಒಟ್ಟಿಗೆ ಬಂದರೆ ಸರ್ವರ್ ಬೀಳಲ್ವಾ?

ಬೀಳುತ್ತದೆ. ಒಂದು ರಾತ್ರಿ ಲ್ಯಾಬ್‌ನಲ್ಲಿ ಕರೆಂಟ್ ಹೋಗಿ ಬಂತು. 40 ಕಂಪ್ಯೂಟರುಗಳು ಒಂದೇ ಗಳಿಗೆಯಲ್ಲಿ ಎದ್ದವು. ಒಂದೇ ಗಳಿಗೆಯಲ್ಲಿ ಕೆಲಸ ಕೇಳಿದವು. ಸಣ್ಣ ಸರ್ವರ್ ಉಸಿರು ಬಿಗಿಹಿಡಿಯಿತು. ಉತ್ತರ ಬರಲಿಲ್ಲ ಅಂತ ನಲವತ್ತೂ ಐದು ಸೆಕೆಂಡ್ ಬಿಟ್ಟು ಮತ್ತೆ ಒಟ್ಟಿಗೇ ಕೇಳಿದವು. ಬೆಳಗಿನ ತನಕ ಇದೇ ನಡೆದಿತ್ತು. ಒಂದು ಫೋಟೋವೂ ಮುಗಿದಿರಲಿಲ್ಲ.

ಸರಿಪಡಿಸಿದ್ದು ಹೀಗೆ. ಉತ್ತರ ಬರದಿದ್ದರೆ 1 ಸೆಕೆಂಡ್, ಆಮೇಲೆ 2, 4, 8 ಅಂತ ಕಾಯುವ ಹೊತ್ತು ಹೆಚ್ಚಾಗುತ್ತಾ ಹೋಗಬೇಕು. ಅದರ ಜೊತೆ ಪ್ರತಿ ಕಂಪ್ಯೂಟರೂ ತನ್ನದೇ ಆದ ಸ್ವಲ್ಪ ಹೆಚ್ಚು ಕಮ್ಮಿ ಸಮಯ ಸೇರಿಸಿಕೊಳ್ಳಬೇಕು. ಆಗ ಗುಂಪು ಚೆದುರುತ್ತದೆ. ಸರ್ವರ್ ಕಡೆಯಿಂದಲೂ 429 (ತುಂಬ ಸಲ ಕೇಳುತ್ತಿದ್ದೀರಿ) ಅಥವಾ 503 (ಈಗ ಆಗುವುದಿಲ್ಲ) ಅಂತ ಹೇಳಿ, ಎಷ್ಟು ಸೆಕೆಂಡ್ ಬಿಟ್ಟು ಬರಬೇಕು ಅಂತ ರಿಟ್ರೈ-ಆಫ್ಟರ್‌ನಲ್ಲಿ ತಿಳಿಸಬಹುದು. ತುಂಬಿದ ಕೆರೆಗೆ ಕೋಡಿ ಇರುವುದು ಯಾಕೆ? ಏರಿ ಒಡೆಯದಿರಲಿ ಅಂತ. 429 ಅನ್ನುವುದು ಸರ್ವರ್‌ನ ಕೋಡಿ. ನಾಚಿಕೆಪಡದೆ ಇಟ್ಟುಕೊಳ್ಳಿ.

ಬ್ರೌಸರ್ ಒಳಗೇ ಲೆಕ್ಕ ಮಾಡಿಸಬಹುದಾ? ಏನೂ ಇನ್‌ಸ್ಟಾಲ್ ಮಾಡದೆ?

ಮಾಡಿಸಬಹುದು. ಲ್ಯಾಬ್‌ನಲ್ಲಿ ಸಾಫ್ಟ್‌ವೇರ್ ಕೂರಿಸಲು ಅನುಮತಿ ಸಿಗದಿದ್ದಾಗ ನಮ್ಮನ್ನು ಕಾಪಾಡಿದ್ದೇ ಇದು. ವೆಬ್‌ಅಸೆಂಬ್ಲಿ 2017ರಲ್ಲಿ ನಾಲ್ಕೂ ದೊಡ್ಡ ಬ್ರೌಸರುಗಳಿಗೆ ಬಂತು, 2019ರ ಡಿಸೆಂಬರ್‌ನಲ್ಲಿ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿಯ ಶಿಫಾರಸಾಯಿತು. ಸಿ, ಸಿ++, ರಸ್ಟ್‌ನಲ್ಲಿ ಬರೆದ ಲೆಕ್ಕವನ್ನು ಅದಕ್ಕೆ ಬದಲಾಯಿಸಿದರೆ ಬ್ರೌಸರಿನಲ್ಲೇ ಚುರುಕಾಗಿ ಓಡುತ್ತದೆ. ಅದನ್ನು ಪುಟದಿಂದ ಬೇರೆಯಾಗಿ ನಡೆಯುವ ವೆಬ್ ವರ್ಕರ್ ಒಳಗೆ ಓಡಿಸಿ. ಇಲ್ಲದಿದ್ದರೆ ಪುಟವೇ ಕಲ್ಲಿನ ಹಾಗೆ ನಿಂತುಬಿಡುತ್ತದೆ.

ಮಿತಿಗಳೂ ಇವೆ. ಟ್ಯಾಬ್ ಹಿಂದೆ ಸರಿದರೆ ಬ್ರೌಸರ್ ಅದರ ಟೈಮರುಗಳನ್ನು ನಿಧಾನ ಮಾಡುತ್ತದೆ. ಮೊಬೈಲ್ ಆದರೆ ಪೂರ್ತಿ ನಿಲ್ಲಿಸಲೂಬಹುದು. ಹಾಗಾಗಿ ಮೊಬೈಲ್‌ನಿಂದ ದೊಡ್ಡ ಲೆಕ್ಕ ಮಾಡಿಸುವ ಆಸೆ ಬಿಡಿ. ಕೆಲಸದ ತುಂಡು ಚಿಕ್ಕದಿರಲಿ. ಮಧ್ಯೆ ನಿಂತರೂ ಹೆಚ್ಚು ನಷ್ಟವಾಗಬಾರದು.

ಇದನ್ನೂ ಹೇಳಲೇಬೇಕು: ಕೇಳದೆ ಯಾರ ಕಂಪ್ಯೂಟರನ್ನೂ ದುಡಿಸಬೇಡಿ. 2017ರಲ್ಲಿ ಶುರುವಾಗಿ 2019ರಲ್ಲಿ ಮುಚ್ಚಿದ ಕಾಯಿನ್‌ಹೈವ್ ಅನ್ನುವ ಸ್ಕ್ರಿಪ್ಟನ್ನು ಎಷ್ಟೋ ಸೈಟುಗಳಲ್ಲಿ ಓದುಗರಿಗೆ ತಿಳಿಸದೆ ಹಾಕಿ, ಅವರ ಬ್ರೌಸರಿನಲ್ಲಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡಿಸಿದ್ದರು. ಕರೆಂಟ್ ಬಿಲ್ಲು ಕಟ್ಟುವವರು ಬೇರೆಯವರು. ನಮ್ಮ ಪುಟದಲ್ಲಿ ಶುರು ಮಾಡುವ ಗುಂಡಿ, ನಿಲ್ಲಿಸುವ ಗುಂಡಿ ಎರಡೂ ದೊಡ್ಡದಾಗಿವೆ.

ಬೇರೆಯವರ ಕಂಪ್ಯೂಟರ್ ಕೊಟ್ಟ ಉತ್ತರವನ್ನು ನಂಬೋದು ಹೇಗೆ?

ಒಂದೇ ತುಂಡನ್ನು ಇಬ್ಬರಿಗೆ ಕೊಡಿ. ಉತ್ತರ ಹೊಂದಿದರೆ ಒಪ್ಪಿಕೊಳ್ಳಿ. ಹೊಂದದಿದ್ದರೆ ಮೂರನೆಯವರಿಗೆ ಕೊಡಿ. ಬೋಯಿಂಕ್‌ನಲ್ಲೂ ಈ ಏರ್ಪಾಡಿದೆ. ದಶಮಾಂಶದ ಲೆಕ್ಕದಲ್ಲಿ ಬೇರೆ ಬೇರೆ ಪ್ರೊಸೆಸರುಗಳು ಕೊನೆಯ ಅಂಕಿಯಲ್ಲಿ ಸ್ವಲ್ಪ ವ್ಯತ್ಯಾಸ ತೋರಿಸಬಹುದು. ಅದು ಮೋಸವಲ್ಲ. ಎಷ್ಟು ವ್ಯತ್ಯಾಸ ಸರಿ ಅಂತ ಮೊದಲೇ ನಿಗದಿ ಮಾಡಿ. ವೆಬ್‌ಅಸೆಂಬ್ಲಿಯಲ್ಲಿ ಕೂಡುವ, ಗುಣಿಸುವ ಲೆಕ್ಕ ಎಲ್ಲ ಯಂತ್ರದಲ್ಲೂ ಒಂದೇ ಉತ್ತರ ಕೊಡಬೇಕು ಅಂತ ನಿಯಮವಿದೆ, ಹೋಲಿಸುವುದು ಸುಲಭವಾಗುತ್ತದೆ.

ಕನ್ನಡದಲ್ಲಿ ಹೆಸರುಗಳನ್ನು ಇಟ್ಟರೆ ತೊಂದರೆ ಬರುತ್ತಾ?

ಕನ್ನಡದಲ್ಲೇ ಇಡಿ. ಊರಿನವರು ತಮ್ಮ ಕೆರೆಯ ಹೆಸರನ್ನು ತಮ್ಮ ಅಕ್ಷರದಲ್ಲಿ ನೋಡಬೇಕು. ಆದರೆ ಕೆಲವು ಸಂಗತಿ ಗೊತ್ತಿರಲಿ.

ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಕಾಗುಣಿತದ ಗುರುತು ಮೂರು ಮೂರು ಬೈಟ್ ತಿನ್ನುತ್ತದೆ. "ತುಮಕೂರು" ಅನ್ನುವುದರಲ್ಲಿ ಇಂಥವು ಏಳು. ಅಂದರೆ 21 ಬೈಟ್. ಅದನ್ನು ಯುಆರ್‌ಎಲ್‌ನಲ್ಲಿ ಹಾಕಿದರೆ ಶೇಕಡಾ ಗುರುತುಗಳೊಂದಿಗೆ 63 ಅಕ್ಷರ ಉದ್ದವಾಗುತ್ತದೆ. ಅದಕ್ಕೇ ವಿಳಾಸದಲ್ಲಿ ಸಂಖ್ಯೆ, ಒಳಗಿನ ಡೇಟಾದಲ್ಲಿ ಕನ್ನಡ. ಇದು ನಾವು ಮಾಡಿಕೊಂಡ ಪದ್ಧತಿ.

"ಕೋಲಾರ" ನಮಗೆ ದೊಡ್ಡ ಪಾಠ ಕಲಿಸಿತು. ಕೋ ಅನ್ನುವಲ್ಲಿರುವ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಗುರುತಾಗಿ ಬರೆಯಬಹುದು. ಎತ್ವ, ಕೊಂಬಿನ ಇಳಿ, ದೀರ್ಘ ಅಂತ ಬಿಡಿಬಿಡಿಯಾಗಿ ಮೂರು ಗುರುತಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡು ಬೇರೆ ಊರು. ಹಳೆಯ ಫಾಂಟಿನ ಫೈಲುಗಳಿಂದ ಬದಲಾಯಿಸಿ ತಂದ ಪಟ್ಟಿಯೊಂದನ್ನು ಸೇರಿಸಿದ ದಿನ ನಮ್ಮಲ್ಲಿ ಎರಡು ಕೋಲಾರ ತಾಲ್ಲೂಕು ಕಾಣಿಸಿಕೊಂಡವು. ಅಕ್ಷರ ಅಕ್ಷರ ಹೋಲಿಸಿ ನೋಡಿದರೂ ವ್ಯತ್ಯಾಸ ಸಿಗಲಿಲ್ಲ. ಬೈಟ್ ಎಣಿಸಿದಾಗ ಸಿಕ್ಕಿತು. ಪರಿಹಾರ ಒಂದೇ ಸಾಲು: ಬಂದ ಪಠ್ಯವನ್ನೆಲ್ಲ ಎನ್‌ಎಫ್‌ಸಿ, ಅಂದರೆ ಬಿಡಿ ಗುರುತುಗಳನ್ನು ಒಂದಾಗಿ ಕೂಡಿಸಿದ ರೂಪಕ್ಕೆ ತಂದು ಆಮೇಲೆ ಇಡಿ.

ಹೆಸರುಗಳೂ ಬದಲಾಗುತ್ತವೆ. ಇಂಗ್ಲಿಷಿನಲ್ಲಿ ತುಮಕೂರಿನ ಅಧಿಕೃತ ಬರಹ 2014ರ ನವೆಂಬರ್ 1ರಂದು ಬದಲಾಯಿತು. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ, ಅದಕ್ಕೂ ಹಿಂದಿನ ಕಾಗದಗಳಲ್ಲಿ ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಕೋಲಾರ ಜಿಲ್ಲೆಯಲ್ಲೇ ಇರುತ್ತವೆ. ಹೆಸರನ್ನೇ ಗುರುತಾಗಿ ಬಳಸಿದರೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಗುರುತಿನ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಜಾವಾಸ್ಕ್ರಿಪ್ಟ್ ಪೂರ್ಣಾಂಕಗಳನ್ನು 9007199254740991ರವರೆಗೆ ಮಾತ್ರ ತಪ್ಪಿಲ್ಲದೆ ಇಟ್ಟುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಸಂಖ್ಯೆಯನ್ನು ಜೇಸನ್‌ನಲ್ಲಿ ಅಂಕಿಯಾಗಿ ಕಳಿಸಿದರೆ ಬ್ರೌಸರಿನಲ್ಲಿ ಕೊನೆಯ ಅಂಕಿ ಸದ್ದಿಲ್ಲದೆ ಬದಲಾಗಬಹುದು. ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಕಳಿಸಿ.

ಸಮಯ ಯಾರದ್ದು? ಮೊಬೈಲ್‌ದೋ, ಸರ್ವರ್‌ದೋ?

ಎರಡನ್ನೂ ಇಡಿ, ಎರಡನ್ನೂ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇಡಿ. ತೋರಿಸುವಾಗ ಐದೂವರೆ ಗಂಟೆ ಸೇರಿಸಿ. ಮೊಬೈಲ್ ಗಡಿಯಾರವನ್ನು ಪೂರ್ತಿ ನಂಬಬೇಡಿ, ಕೆಲವರದು ದಿನವೇ ತಪ್ಪಿರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮುಖ್ಯವಾದರೆ ಗಡಿಯಾರಕ್ಕಿಂತ ಕ್ರಮಸಂಖ್ಯೆ ಮೇಲು. ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ.

ಎಚ್‌ಟಿಟಿಪಿಎಸ್ ಬೇಕೇ ಬೇಕಾ? ನಮ್ಮದು ಗುಟ್ಟಿನ ಡೇಟಾ ಅಲ್ಲ.

ಬೇಕು. ಸರ್ವಿಸ್ ವರ್ಕರ್, ಸ್ಥಳ ಪತ್ತೆ, ಕ್ಯಾಮೆರಾ ಇವನ್ನೆಲ್ಲ ಬ್ರೌಸರ್ ಕೊಡುವುದೇ ಎಚ್‌ಟಿಟಿಪಿಎಸ್ ಇದ್ದರೆ. ದಾರಿಯಲ್ಲಿ ಯಾರೂ ಅಂಕಿ ತಿದ್ದಬಾರದು ಅನ್ನುವುದೂ ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸೇವೆ 2015ರ ಡಿಸೆಂಬರ್‌ನಿಂದ ಎಲ್ಲರಿಗೂ ಉಚಿತವಾಗಿ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಕೊಡುತ್ತಿದೆ. ಅವುಗಳ ಆಯಸ್ಸು ಕಮ್ಮಿ, ಹಾಗಾಗಿ ನವೀಕರಣವನ್ನು ತಾನಾಗೇ ಆಗುವಂತೆ ಕಟ್ಟಿಡಿ. ಊರಿನವರ ಫೋನ್ ನಂಬರನ್ನು ಬೇಕಿಲ್ಲದಿದ್ದರೆ ತೆಗೆದುಕೊಳ್ಳಲೇಬೇಡಿ.

ವೆಬ್‌ಸಾಕೆಟ್, ವೆಬ್‌ಆರ್‌ಟಿಸಿ ಬೇಕಾ?

ಸಾಮಾನ್ಯವಾಗಿ ಬೇಡ. ವೆಬ್‌ಸಾಕೆಟ್ ಸರ್ವರ್ ಜೊತೆ, ವೆಬ್‌ಆರ್‌ಟಿಸಿ ಬ್ರೌಸರುಗಳ ನಡುವೆಯೇ ಸಂಪರ್ಕ ತೆರೆದಿಡುತ್ತವೆ. ನಿಮಿಷಕ್ಕೊಮ್ಮೆ ಕೇಳಿದರೆ ಸಾಕಾಗುವ ಕೆಲಸಕ್ಕೆ ಸದಾ ತೆರೆದಿರುವ ಸಂಪರ್ಕ ಯಾಕೆ?

ಪಾವಗಡ ಕಡೆ ಸೋಲಾರ್ ಪ್ಯಾನೆಲ್‌ಗಳ ಮಾಪಕಗಳಿಂದ ಡೇಟಾ ತರಬೇಕು. ಅದಕ್ಕೂ ವೆಬ್ಬೇ ಸಾಕಾ?

ಅರ್ಧ ದಾರಿಗೆ. ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್‌ನದು, ಸಾವಿರಾರು ಎಕರೆಯಲ್ಲಿ ಹರಡಿದೆ. ಅಲ್ಲಿರುವಂಥ ಬಯಲಿನಲ್ಲಿ ನಿಂತ ಪುಟ್ಟ ಮಾಪಕಕ್ಕೆ ಎಚ್‌ಟಿಟಿಪಿ ಸ್ವಲ್ಪ ಭಾರ. ಎರಡು ಬೈಟ್ ಅಂಕಿ ಕಳಿಸಲು ಅದರ ಹತ್ತಾರು ಪಟ್ಟು ತಲೆಬರಹ ಹೋಗುತ್ತದೆ. ಅಲ್ಲಿ ಚಿಕ್ಕ ಸಂದೇಶಗಳಿಗಾಗಿಯೇ ಇರುವ ಎಂಕ್ಯುಟಿಟಿ ಅನ್ನುವ ಮಾತಿನ ಕ್ರಮ ಒಳ್ಳೆಯದು. ಎಣ್ಣೆ ಪೈಪ್‌ಲೈನ್‌ಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು 1999ರಲ್ಲಿ ಮಾಡಿದ್ದು ಅದು, ಕಮ್ಮಿ ಬ್ಯಾಟರಿ, ಕಮ್ಮಿ ಡೇಟಾಕ್ಕೆ ಹೇಳಿ ಮಾಡಿಸಿದ್ದು. ಮಾಪಕಗಳಿಂದ ಊರಿನ ಒಂದು ಗೇಟ್‌ವೇ ಪೆಟ್ಟಿಗೆಯವರೆಗೆ ಅದು ಬರಲಿ. ಪೆಟ್ಟಿಗೆಯಿಂದ ಮುಂದಕ್ಕೆ ಎಚ್‌ಟಿಟಿಪಿ.

ಇನ್ನೊಂದು ಕಡೆಯೂ ವೆಬ್ ಸರಿಹೋಗುವುದಿಲ್ಲ. ಹವಾಮಾನದ ಮಾದರಿಯಂಥ ಲೆಕ್ಕದಲ್ಲಿ ಪ್ರತಿ ತುಂಡಿಗೂ ಪಕ್ಕದ ತುಂಡಿನ ಉತ್ತರ ಕ್ಷಣಕ್ಷಣಕ್ಕೂ ಬೇಕು. ಅಂಥವಕ್ಕೆ ಒಂದೇ ಕೋಣೆಯ ವೇಗದ ನೆಟ್‌ವರ್ಕ್, ಅದರ ಮೇಲೆ ಸಂದೇಶ ಸಾಗಿಸುವ ಎಂಪಿಐ ಬೇಕು. ನಮ್ಮ ಫೋಟೋಗಳು ಹಾಗಲ್ಲ. ಒಂದು ಕೆರೆಯ ಫೋಟೋಗೆ ಇನ್ನೊಂದರ ಹಂಗಿಲ್ಲ. ನಿಮ್ಮ ಕೆಲಸ ಯಾವ ಥರದ್ದು ಅಂತ ಮೊದಲು ಇದನ್ನೇ ಕೇಳಿಕೊಳ್ಳಿ.

ನಮ್ಮ ಹತ್ತಿರ ಐದೇ ಕಂಪ್ಯೂಟರ್ ಇವೆ. ಎಲ್ಲಿಂದ ಶುರು ಮಾಡಲಿ?

ಐದು ಧಾರಾಳ. ಒಂದನ್ನು ಸರ್ವರ್ ಮಾಡಿ, ನಾಲ್ಕು ಕೆಲಸಗಾರರು. ಕೋಲಾರಮ್ಮ ಕೆರೆಯದೋ ನಿಮ್ಮೂರಿನ ಕೆರೆಯದೋ ನೂರು ಫೋಟೋ ಇಡಿ. ಪ್ರತಿ ಫೋಟೋದ ಸರಾಸರಿ ಬಣ್ಣ ಕಂಡುಹಿಡಿಯುವ ಸುಲಭದ ಲೆಕ್ಕ ಕೊಡಿ. ಮೂರು ವಿಳಾಸ ಸಾಕು: ಕೆಲಸ ಕೇಳಲು ಒಂದು, ಉತ್ತರ ಇಡಲು ಒಂದು, ಎಷ್ಟು ಮುಗಿದಿದೆ ಅಂತ ನೋಡಲು ಒಂದು. ದೊಡ್ಡ ಫ್ರೇಮ್‌ವರ್ಕ್ ಬೇಡ. ಮೊದಲ ವಾರ ಡೇಟಾಬೇಸ್‌ಗೆ ಎಸ್‌ಕ್ಯುಲೈಟ್ ಸಾಕು.

ಎಲ್ಲ ಓಡುತ್ತಿರುವಾಗ ಒಂದು ಕಂಪ್ಯೂಟರಿನ ನೆಟ್ ಕೇಬಲ್ ಕಿತ್ತುಬಿಡಿ. ಇನ್ನೊಂದನ್ನು ಮಧ್ಯೆಯೇ ಆರಿಸಿ. ಮೂರನೆಯದರಲ್ಲಿ ಒಂದೇ ಉತ್ತರವನ್ನು ಐದು ಸಲ ಕಳಿಸಿ. ಆಮೇಲೆ ಸರ್ವರನ್ನೇ ನಿಲ್ಲಿಸಿ, ಚಹಾ ಕುಡಿದು ಬಂದು ಮತ್ತೆ ಶುರು ಮಾಡಿ. ಕೊನೆಗೆ ಎಣಿಸಿ. ನೂರು ಫೋಟೋಗೆ ಸರಿಯಾಗಿ ನೂರು ಉತ್ತರ ಇರಬೇಕು, 99 ಅಲ್ಲ, 101 ಅಲ್ಲ. ನೂರು ಬಂದ ದಿನ ಆರನೆಯ ಕಂಪ್ಯೂಟರ್ ಸೇರಿಸಿ.